ಯಾರ ಹಂಗೂ ಇಲ್ಲದ ಪ್ರಯಾಣ

*ಇಂದಿನ ಧಮ್ಮ ಚಿಂತನೆ*



ಇವತ್ತಿನ ವಿಷಯ ಕೊಟ್ಟವಳು ನಮ್ಮ ಬಳಗದಲ್ಲೇ ಇರುವ ಒಬ್ಬ ತಂಗಿ. ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಓದಿದವಳು, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದಾಳೆ. ದಿನಾ ಬೆಳಿಗ್ಗೆ ಈ ಸಂದೇಶ ಓದುತ್ತಾಳೆ. "ಸರ್, ಇದು ಧಮ್ಮದ ಪ್ರಶ್ನೆ ಅಲ್ಲ ಅಂತ ಗೊತ್ತು, ಆದ್ರೂ ಕೇಳ್ತೀನಿ" ಎಂದು ಬರೆದಿದ್ದಳು. ಪ್ರಶ್ನೆ ಇಷ್ಟೇ: ಬೇಸಿಗೆ ರಜೆಯಲ್ಲಿ ಗಂಡ, ಇಬ್ಬರು ಮಕ್ಕಳು ಮತ್ತು ಊರಿನಿಂದ ಬಂದಿರುವ ಅಮ್ಮನ ಜೊತೆ ಮೂರು ವಾರ ಮೋಟಾರ್‌ಹೋಮ್‌ನಲ್ಲಿ ಪ್ರವಾಸ ಹೊರಟಿದ್ದಾರೆ. ಮನೆಯ ಕಾರನ್ನೂ ಅದರ ಜೊತೆ ತೆಗೆದುಕೊಂಡು ಹೋಗಬೇಕೋ, ಇಲ್ಲಾ ಹೋದ ಊರಲ್ಲಿ ಬೇಕಾದಾಗ ಬಾಡಿಗೆ ಕಾರು ಹಿಡಿಯಬೇಕೋ? ಗಂಡನ ಮಾತು, "ನಮ್ಮ ಕಾರು ಜೊತೆಗಿದ್ರೆ ಯಾರ ಹಂಗೂ ಇರಲ್ಲ." ಅವಳಿಗೆ ಅದು ದಂಡದ ಹೊರೆ ಅನ್ನಿಸಿದೆ.

ಕೊನೆಗೆ ಬಂದ ಆ "ಹಂಗು" ಎಂಬ ಪದ ಓದಿದ ಮೇಲೆ, ಇದು ಧಮ್ಮದ ಪ್ರಶ್ನೆಯೇ ಅನ್ನಿಸಿತು.

ಮೊದಲು ವಿಷಯ ತಿಳಿಯೋಣ. ಮೋಟಾರ್‌ಹೋಮ್ ಅಥವಾ ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ಮಲಗಲು ಮಂಚ, ಅಡುಗೆಗೆ ಒಲೆ, ಫ್ರಿಜ್ಜು, ಕಕ್ಕಸು, ಸ್ನಾನದ ಜಾಗ ಎಲ್ಲ ಅದರೊಳಗೇ ಇರುತ್ತದೆ. ರಾತ್ರಿ ಅದಕ್ಕೆಂದೇ ಮಾಡಿದ ಮೈದಾನಗಳಲ್ಲಿ ನಿಲ್ಲಿಸಿ ಕರೆಂಟಿನ ವೈರು, ನೀರಿನ ಪೈಪು, ಕೊಳಚೆಯ ಪೈಪು ಜೋಡಿಸುತ್ತಾರೆ. ಹಾಗೆ ನಿಂತ ಮೇಲೆ ಒಂದು ಪ್ಯಾಕೆಟ್ ಹಾಲು ತರಬೇಕೆಂದರೂ ಎಲ್ಲ ಬಿಚ್ಚಿ, ಒಳಗಿನ ಪಾತ್ರೆಪಗಡೆ ಭದ್ರ ಮಾಡಿ, ಇಡೀ ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಕೆಲವು ರಸ್ತೆಗಳಿಗಂತೂ ಅದು ಹೋಗುವಂತೆಯೇ ಇಲ್ಲ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 'ಗೋಯಿಂಗ್ ಟು ದ ಸನ್' ಎಂಬ ಬೆಟ್ಟದ ರಸ್ತೆಯಿದೆ. ಅದರ ನಡುಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. ಒಂದು ಕುಟುಂಬ ಮಲಗುವ ಮೋಟಾರ್‌ಹೋಮ್ ಸಾಮಾನ್ಯವಾಗಿ 25ರಿಂದ 30 ಅಡಿ ಇರುತ್ತದೆ.

ಅದಕ್ಕೇ ಅಲ್ಲಿ ಅನೇಕರು ಮನೆಯ ಹಿಂದೆ ಒಂದು ಕಾರನ್ನು ಕಟ್ಟಿ ಎಳೆದೊಯ್ಯುತ್ತಾರೆ. ಅದೂ ಸುಲಭವಲ್ಲ. ನಾಲ್ಕು ಚಕ್ರವೂ ನೆಲದ ಮೇಲೆ ಉರುಳುವಂತೆ ಎಲ್ಲ ಕಾರನ್ನೂ ಎಳೆಯಲು ಬರುವುದಿಲ್ಲ, ಎಷ್ಟೋ ಕಾರುಗಳ ಗೇರ್‌ಬಾಕ್ಸೇ ಹಾಳಾಗುತ್ತದೆ. ಎಳೆಯುವ ಸರಳು, ಕಾರಿಗೆ ಪ್ರತ್ಯೇಕ ಬ್ರೇಕಿನ ವ್ಯವಸ್ಥೆ ಬೇಕು. ಹಿಂದೆ ಕಾರಿದ್ದಾಗ ರಿವರ್ಸ್ ತೆಗೆಯುವಂತಿಲ್ಲ, ದಾರಿ ತಪ್ಪಿದರೆ ನಡುರಸ್ತೆಯಲ್ಲಿ ಕಾರು ಬಿಚ್ಚಬೇಕು. ಮೊದಲೇ ಲೀಟರಿಗೆ ಸುಮಾರು ನಾಲ್ಕು ಕಿಲೋಮೀಟರ್ ಓಡುವ ಗಾಡಿ, ಅದಕ್ಕೆ ಇನ್ನೊಂದು ಭಾರ. ಮೋಟಾರ್‌ಹೋಮೇ ಬಾಡಿಗೆಯದಾದರೆ, ಅದರ ಹಿಂದೆ ಏನನ್ನೂ ಕಟ್ಟಬಾರದೆಂದು ಕರಾರಿನಲ್ಲೇ ಬರೆದಿರುವುದೂ ಉಂಟು. ಆಗ ಉಳಿಯುವ ದಾರಿ ಒಂದೇ: ಗಂಡ ಮೋಟಾರ್‌ಹೋಮ್ ಓಡಿಸುವುದು, ಹೆಂಡತಿ ಕಾರಿನಲ್ಲಿ ಹಿಂದೆ ಹಿಂದೆ ಬರುವುದು. ಒಟ್ಟಿಗೆ ಕಾಲ ಕಳೆಯಲೆಂದು ಹೊರಟವರು ಸಾವಿರಾರು ಮೈಲಿ ಬೇರೆ ಬೇರೆ ಕೂರುವುದು.

ಇಷ್ಟು ಕೇಳಿದರೆ ಯಾರಾದರೂ, "ಸುಮ್ಮನೆ ಬಾಡಿಗೆಗೆ ಹಿಡೀರಿ, ಬುದ್ಧರು ತ್ಯಾಗ ಹೇಳಿದ್ದಾರೆ, ಕಾರಿನ ಮೋಹ ಬಿಡಿ" ಅಂದುಬಿಡಬಹುದು. ನಾನು ಹಾಗೆ ಹೇಳಲಾರೆ. ಅವಳ ಗಂಡನ ಬಾಯಲ್ಲಿ ಬಂದ ಮಾತು ಅವನೊಬ್ಬನದಲ್ಲ. ಅದರ ಹಿಂದೆ ನಮ್ಮ ಜನರ ಇಡೀ ಚರಿತ್ರೆ ಇದೆ.

*ಮಸೂರಿನ ಎತ್ತಿನ ಗಾಡಿ*

'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಬಾಬಾಸಾಹೇಬರು ತಮ್ಮ ಬಾಲ್ಯದ ಪ್ರಯಾಣವೊಂದನ್ನು ಬರೆದಿದ್ದಾರೆ. 1901ರ ಮಾತು. ತಂದೆ ಸತಾರಾ ಜಿಲ್ಲೆಯ ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದರು. ಭೀಮ, ಅವರ ಅಣ್ಣ, ಅಕ್ಕನ ಮಕ್ಕಳು ರೈಲಿನಲ್ಲಿ ಮಸೂರು ನಿಲ್ದಾಣಕ್ಕೆ ಬಂದಿಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಒಳ್ಳೆಯ ಬಟ್ಟೆ ಹಾಕಿದ್ದ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರರು ಅಕ್ಕರೆಯಿಂದ ವಿಚಾರಿಸಿದರು. ಮಹಾರರು ಎಂದು ತಿಳಿದ ಕೂಡಲೇ ಅವರ ಮುಖ ಬದಲಾಯಿತು, ತಮ್ಮ ಕೋಣೆಗೆ ಹೊರಟುಹೋದರು. ಹೊರಗೆ ಬಾಡಿಗೆ ಗಾಡಿಗಳು ಬೇಕಾದಷ್ಟು ನಿಂತಿದ್ದವು. ಒಬ್ಬನೂ ಹತ್ತಿಸಿಕೊಳ್ಳಲಿಲ್ಲ. ಎರಡರಷ್ಟು ಬಾಡಿಗೆ ಕೊಡುತ್ತೇವೆ ಎಂದರೂ ಇಲ್ಲ. ಕೊನೆಗೆ ಒಬ್ಬ ಒಪ್ಪಿದ: ಎರಡರಷ್ಟು ಹಣ ಕೊಡಬೇಕು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ.

ಕೈಯಲ್ಲಿ ಹಣ ಇತ್ತು, ಎದುರಿಗೆ ಗಾಡಿ ಇತ್ತು. ಇಲ್ಲದಿದ್ದದ್ದು ಮನುಷ್ಯನನ್ನು ಮನುಷ್ಯನೆಂದು ಕಾಣುವ ಕಣ್ಣು. ಬಾಡಿಗೆ ಎಂಬ ವ್ಯವಹಾರ ಬರೀ ಹಣದ್ದಲ್ಲ ಎಂಬುದನ್ನು ನಮ್ಮ ಜನ ಹೀಗೆ ಕಲಿತರು.

ಈಗಲೂ ಅದು ಪೂರ್ತಿ ಮುಗಿದಿಲ್ಲ. ಬಾಡಿಗೆ ಮನೆ ಕೇಳಲು ಹೋದವರಿಗೆ "ನೀವು ಯಾವ ಪೈಕಿ?" ಎಂಬ ಪ್ರಶ್ನೆ, ಅದನ್ನು ಕೇಳಲು ನಾಚಿಕೆಯಾದವರು ಬಳಸುವ "ವೆಜ್ಜೋ ನಾನ್‌ವೆಜ್ಜೋ?" ಎಂಬ ಪ್ರಶ್ನೆ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಕೇರಿಗಳಲ್ಲಿ ಮೊದಲ ಟಿವಿಎಸ್ ಗಾಡಿ ಬಂದಾಗ ಮನೆಮಂದಿಯೆಲ್ಲ ಹೊರಗೆ ಬಂದು ಮುಟ್ಟಿ ನೋಡುತ್ತಿದ್ದುದು ಬರೀ ವಸ್ತುವಿನ ಆಸೆಯಿಂದಲ್ಲ. ಆಸ್ಪತ್ರೆಗೆ ಹೋಗಲು ಇನ್ನು ಯಾರ ಮನೆಯ ಬಾಗಿಲಲ್ಲೂ ನಿಲ್ಲಬೇಕಿಲ್ಲ ಎಂಬ ಸಮಾಧಾನ ಅದರಲ್ಲಿತ್ತು.

*ಅಮೆರಿಕದಲ್ಲೂ ಇದೇ ಕಥೆ*

ನಮ್ಮ ತಂಗಿ ಈಗಿರುವ ದೇಶದಲ್ಲೂ ಕಾರಿನ ಪ್ರಶ್ನೆಗೆ ಇಂಥದೇ ಚರಿತ್ರೆ ಇದೆ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲೇ ಕಪ್ಪು ಜನರ ಹಾರ್ಲೆಂ ಬಡಾವಣೆ ಇದೆ. ಅಲ್ಲಿನ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯಣ್ಣ 1936ರಲ್ಲಿ ಒಂದು ಸಣ್ಣ ಪುಸ್ತಕ ಹೊರತಂದರು. ಕಪ್ಪು ಪ್ರಯಾಣಿಕರಿಗೆ ಯಾವ ಊರಲ್ಲಿ ತಂಗಲು ಕೋಣೆ ಸಿಗುತ್ತದೆ, ಎಲ್ಲಿ ಊಟ ಕೊಡುತ್ತಾರೆ, ಎಲ್ಲಿ ಗಾಡಿ ರಿಪೇರಿ ಮಾಡುತ್ತಾರೆ ಎಂಬ ಪಟ್ಟಿ ಅದು. 'ಗ್ರೀನ್ ಬುಕ್' ಎಂದೇ ಹೆಸರಾಯಿತು. ಬಸ್ಸು, ರೈಲುಗಳಲ್ಲಿ ಬೇರೆ ಕೂರಿಸುವ ಅವಮಾನ ತಪ್ಪಿಸಿಕೊಳ್ಳಲು, ಕೈಲಾದ ಕಪ್ಪು ಕುಟುಂಬಗಳು ಕಾರು ಕೊಂಡವು. ಆದರೆ ದಾರಿಯಲ್ಲಿ ಹೋಟೆಲಿಲ್ಲ, ಕೋಣೆಯಿಲ್ಲ, ಕಕ್ಕಸು ಬಳಸಲು ಬಿಡುವುದಿಲ್ಲ. ಹಾಗಾಗಿ ಬುತ್ತಿ, ನೀರು, ಕಂಬಳಿ, ಪೆಟ್ರೋಲಿನ ಡಬ್ಬ, ಮಲಮೂತ್ರಕ್ಕೊಂದು ಪಾತ್ರೆ ಎಲ್ಲವನ್ನೂ ಕಾರಿನಲ್ಲೇ ಹೊತ್ತು ಹೊರಡುತ್ತಿದ್ದರು.

ಯೋಚಿಸಿ ನೋಡಿ. ಹಾಸಿಗೆ, ಅಡುಗೆ, ಕಕ್ಕಸು ಸಮೇತ ಹೊರಡುವುದು ಇವತ್ತು ರಜೆಯ ಸಂತೋಷ. ಅಂದು ಅದು ಗತಿಯಿಲ್ಲದವರ ಕಟ್ಟುಪಾಡು. ಹೊತ್ತ ಸಾಮಾನು ಒಂದೇ. ಒಬ್ಬ ಬೇಕೆಂದು ಹೊತ್ತ, ಇನ್ನೊಬ್ಬ ಬೇರೆ ದಾರಿಯಿಲ್ಲದೆ ಹೊತ್ತ. ಈ ಪುಸ್ತಕ ಅಚ್ಚು ಹಾಕುವ ಅಗತ್ಯವೇ ಇಲ್ಲದ ದಿನ ಬರಲಿ ಎಂದು ಗ್ರೀನ್ ಆಶಿಸಿದ್ದರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ವಸತಿಗೃಹಗಳ ಬಾಗಿಲನ್ನು ಎಲ್ಲರಿಗೂ ತೆರೆಯಬೇಕೆಂದಿತು. 1960ರ ದಶಕ ಮುಗಿಯುವ ಮೊದಲೇ ಆ ಪುಸ್ತಕ ನಿಂತುಹೋಯಿತು.

ಹಾಗಾದರೆ ಹಂಗು ಅಂದರೆ ಏನು? ವಸ್ತು ಇನ್ನೊಬ್ಬರದು ಎಂಬುದರಿಂದ ಹಂಗು ಹುಟ್ಟುವುದಿಲ್ಲ. ಕೊಡುವವನು ನಾನು ಯಾರೆಂದು ನೋಡಿ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸಿದರೆ ಅದು ಹಂಗು. ಎಲ್ಲರಿಗೂ ಒಂದೇ ದರ, ಒಂದೇ ಕರಾರು, ಕೇಳುವುದು ನನ್ನ ಹಕ್ಕು ಎಂದಾದರೆ ಅದು ಹಂಗಲ್ಲ. ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರು ಹಿಡಿದು ಹೇಳುವುದು ಇದನ್ನೇ. ಇನ್ನೊಬ್ಬರ ಕೃಪೆಯಾಗಿದ್ದುದನ್ನು ಬಾಬಾಸಾಹೇಬರು ಹಕ್ಕಾಗಿ ಮಾಡಿಕೊಟ್ಟರು.

*ಏಳು ರಥಗಳು*

ಈಗ ಬುದ್ಧವಚನದ ಕಡೆ ಬರೋಣ. ಮಜ್ಝಿಮ ನಿಕಾಯದಲ್ಲಿ ರಥವಿನೀತ ಸುತ್ತ ಎಂಬುದೊಂದಿದೆ. ಅದರಲ್ಲಿ ಪುಣ್ಣ ಮಂತಾಣಿಪುತ್ತರು ಸಾರಿಪುತ್ತರಿಗೆ ಒಂದು ಉಪಮೆ ಹೇಳುತ್ತಾರೆ. ಕೋಸಲದ ರಾಜ ಪಸೇನದಿ ಶ್ರಾವಸ್ತಿಯಲ್ಲಿದ್ದಾನೆ, ಸಾಕೇತದಲ್ಲಿ ತುರ್ತು ಕೆಲಸ ಬಿದ್ದಿದೆ. ದಾರಿಯುದ್ದಕ್ಕೂ ಏಳು ರಥಗಳನ್ನು ಸಿದ್ಧವಾಗಿ ನಿಲ್ಲಿಸಿರುತ್ತಾರೆ. ಮೊದಲನೆಯದನ್ನು ಹತ್ತಿ ಎರಡನೆಯದರವರೆಗೆ ಹೋಗುತ್ತಾನೆ. ಅಲ್ಲಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹತ್ತುತ್ತಾನೆ. ಹೀಗೆ ಏಳನೆಯದರಲ್ಲಿ ಸಾಕೇತದ ಅರಮನೆ ಬಾಗಿಲಿಗೆ ಬರುತ್ತಾನೆ. ಇದೇ ರಥದಲ್ಲಿ ಶ್ರಾವಸ್ತಿಯಿಂದ ಬಂದಿರಾ ಎಂದು ಯಾರಾದರೂ ಕೇಳಿದರೆ ಹೌದು ಅನ್ನುವಂತಿಲ್ಲ. ಶೀಲವಿಸುದ್ಧಿಯಿಂದ ಹಿಡಿದು ಏಳು ಬಗೆಯ ವಿಸುದ್ಧಿಯೂ ಹಾಗೆಯೇ. ಒಂದೊಂದೂ ಮುಂದಿನದರವರೆಗೆ ತಲುಪಿಸುತ್ತದೆ. ಯಾವುದೂ ಕೊನೆಯವರೆಗೆ ಎಳೆದೊಯ್ಯುವಂಥದ್ದಲ್ಲ.

ರಾಜ ಮೊದಲ ರಥವನ್ನು ಎರಡನೆಯದರ ಹಿಂದೆ, ಎರಡನ್ನೂ ಮೂರನೆಯದರ ಹಿಂದೆ ಕಟ್ಟಿಕೊಂಡು ಹೊರಟಿದ್ದರೆ ಸಾಕೇತ ತಲುಪುತ್ತಿರಲಿಲ್ಲ. ಇದು ಎಲ್ಲರೂ ತೆಗೆಯುವ ಅರ್ಥ. ನಾವು ಇನ್ನೊಂದು ಮಾತನ್ನೂ ಗಮನಿಸಬೇಕು. ರಾಜ ನಿಶ್ಚಿಂತೆಯಿಂದ ರಥ ಬಿಟ್ಟು ಇಳಿದದ್ದು ಏಕೆ? ಮುಂದಿನ ರಥ ಅಲ್ಲಿ ನಿಂತೇ ಇರುತ್ತದೆಂಬ ಭರವಸೆ ಇತ್ತು. ಮಸೂರಿನಲ್ಲಿ ಇಳಿದ ಮಕ್ಕಳಿಗೆ ಆ ಭರವಸೆ ಇರಲಿಲ್ಲ. ಬಿಡುವುದು ಸುಲಭವಾಗಬೇಕಾದರೆ ಮುಂದೆ ಯಾರೋ ನಮಗಾಗಿ ಗಾಡಿ ನಿಲ್ಲಿಸಿರಬೇಕು. ಆ ಭರವಸೆ ಇಲ್ಲದ ಸಮಾಜದಲ್ಲಿ ಬಡವನಿಗೆ ತ್ಯಾಗ ಬೋಧಿಸುವುದು ಧಮ್ಮವಲ್ಲ. ಒಬ್ಬನೇ ಇದ್ದರೆ ಧಮ್ಮ ಬೇಕಿಲ್ಲ, ಇಬ್ಬರು ಸೇರಿದಲ್ಲಿ ಅದಿಲ್ಲದೆ ಆಗದು ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹೇಳಿದ್ದರ ಅರ್ಥ ನನಗೆ ಇಲ್ಲಿ ಸ್ಪಷ್ಟವಾಗುತ್ತದೆ. ಧಮ್ಮ ಎಂದರೆ ಒಬ್ಬರಿಗೊಬ್ಬರು ಮುಂದಿನ ರಥ ಆಗುವುದು.

ನಡೆದ ಉದಾಹರಣೆ ಬೇಕೆ? 1955ರ ಡಿಸೆಂಬರ್‌ನಲ್ಲಿ ಅಲಬಾಮಾದ ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡಲಿಲ್ಲ. ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಎಷ್ಟೋ ಜನ ಮೈಲಿಗಟ್ಟಲೆ ನಡೆದರು. ಕಾರಿದ್ದವರು ತಮ್ಮ ಕಾರುಗಳನ್ನು ಎಲ್ಲರಿಗಾಗಿ ಬಿಟ್ಟುಕೊಟ್ಟರು. ದೇಣಿಗೆಯ ಹಣದಲ್ಲಿ ಚರ್ಚುಗಳು ದೊಡ್ಡ ಕಾರುಗಳನ್ನು ಕೊಂಡು ಜನರನ್ನು ಕೆಲಸಕ್ಕೆ ಸಾಗಿಸಿದವು. ಅದು ಸ್ವಂತದ್ದೂ ಅಲ್ಲ, ಬಾಡಿಗೆಯದೂ ಅಲ್ಲ, ಸಂಘದ್ದು. ಆ ಹೋರಾಟ ಇನ್ನೂ ನಡೆಯುತ್ತಿದ್ದಾಗಲೇ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಧಮ್ಮ ದೀಕ್ಷೆ ಪಡೆದರು. ಎರಡು ಖಂಡಗಳಲ್ಲಿ, ಒಂದೇ ವರ್ಷದಲ್ಲಿ, ತುಳಿತಕ್ಕೊಳಗಾದ ಜನ ಹಳೆಯ ಬಂಡಿಯಿಂದ ಇಳಿದು ತಮ್ಮದೇ ದಾರಿ ಹಿಡಿದರು.

ಇವತ್ತಿಗೂ ದೀಕ್ಷಾಭೂಮಿಗೆ ಹೋಗಿಬಂದವರಿಗೆ ಇದು ಗೊತ್ತು. ಒಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ರೈಲು ಹತ್ತುತ್ತೇವೆ. ಅಲ್ಲಿ ಗುರುತಿಲ್ಲದವರು ಕೈಹಿಡಿದು ನಿಲ್ಲಿಸಿ ನೀರು ಕೊಡುತ್ತಾರೆ, ಊಟ ಬಡಿಸುತ್ತಾರೆ. ಅದು ಹಂಗು ಎಂದು ನಮಗೆ ಯಾರಿಗಾದರೂ ಅನ್ನಿಸಿದೆಯೇ? ಇಲ್ಲ. ಅಲ್ಲಿ ಕೊಡುವವರು ಮೇಲಲ್ಲ, ತೆಗೆದುಕೊಳ್ಳುವವರು ಕೆಳಗಲ್ಲ. ಅದಕ್ಕೆ ಹೆಸರು ಮೈತ್ರಿ.

*ಮರ್ಯಾದೆಯ ಟಾಂಗಾ*

ಹಳೆಯ ಗಾಯದ ನೆನಪು ವಿವೇಕ ಕೊಡುತ್ತದೆ. ಆದರೆ ಗಾಯವೇ ಗಾಡಿ ಓಡಿಸಲು ಕೂತರೆ ಅಪಾಯ. ಇದಕ್ಕೂ ಬಾಬಾಸಾಹೇಬರ ಬದುಕಿನಲ್ಲೇ ಪಾಠವಿದೆ. 1929ರಲ್ಲಿ ಅವರು ಚಾಳೀಸಗಾಂವ್‌ನಲ್ಲಿ ಇಳಿದಾಗ, ಮಹಾರರನ್ನು ಕೂರಿಸಿಕೊಂಡು ಓಡಿಸಲು ಟಾಂಗಾದವರು ಒಪ್ಪಲಿಲ್ಲ. ಅತಿಥಿಯನ್ನು ನಡೆಸಿಕೊಂಡು ಹೋಗುವುದು ಅವರ ಘನತೆಗೆ ಕುಂದು ಎಂದುಕೊಂಡ ಕೇರಿಯ ಜನ, ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಓಡಿಸಿ ಅಭ್ಯಾಸವಿಲ್ಲದ ತಮ್ಮವನೊಬ್ಬನನ್ನೇ ಕೂರಿಸಿದರು. ಮೋರಿಯ ಮೇಲೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದರು, ಕಾಲಿನ ಮೂಳೆ ಮುರಿಯಿತು. ಕುದುರೆ, ಟಾಂಗಾ ಹೊಳೆಗೆ ಬಿದ್ದವು. ತಪ್ಪಿನ ಮೂಲ ಜಾತಿಯದು, ಅನುಮಾನವಿಲ್ಲ. ಆದರೂ ಘನತೆ ಉಳಿಸಲು ಹೋಗಿ ಪ್ರಾಣಕ್ಕೇ ಅಪಾಯ ತಂದರು, ಘನತೆಗಿಂತ ಸುರಕ್ಷತೆ ದೊಡ್ಡದೆಂದು ಮರೆತರು ಎಂಬ ಮಾತನ್ನೂ ಅವರು ಬರೆಯದೆ ಬಿಡಲಿಲ್ಲ.

ಹಾಗಾಗಿ "ಯಾರ ಹಂಗೂ ಬೇಡ" ಎಂದು ಮನಸ್ಸು ಹೇಳಿದಾಗ ಒಮ್ಮೆ ನಿಂತು ಕೇಳಬೇಕು: ಇದು ಅಗತ್ಯವೋ, ಭಯವೋ, ಪ್ರತಿಷ್ಠೆಯೋ? ವಿನಯಪಿಟಕದ ಮಹಾವಗ್ಗದಲ್ಲಿ ಭಿಕ್ಖುಗಳು ವಾಹನ ಏರಬಾರದೆಂಬ ನಿಯಮ ಬರುತ್ತದೆ. ಕೆಲವು ಭಿಕ್ಖುಗಳು ಗಾಡಿಯಲ್ಲಿ ಮೆರೆದದ್ದು ಅದಕ್ಕೆ ಕಾರಣ. ಆಮೇಲೆ ಬುದ್ಧರನ್ನು ನೋಡಲು ಹೊರಟ ಒಬ್ಬ ಭಿಕ್ಖು ದಾರಿಯಲ್ಲಿ ಕಾಯಿಲೆ ಬಿದ್ದ. ಜನ ಗಾಡಿ ಹತ್ತಿ ಎಂದರೂ ನಿಯಮ ಮುರಿಯಬಾರದೆಂದು ಹತ್ತಲಿಲ್ಲ. ಇದನ್ನು ತಿಳಿದ ಬುದ್ಧರು ರೋಗಿಗೆ ವಾಹನ ಆಗಬಹುದು ಎಂದು ನಿಯಮವನ್ನೇ ತಿದ್ದಿದರು. ಮೆರೆಯಲು ಬೇಡ, ನರಳುವವರಿಗೆ ಬೇಕು. ಪ್ರಶ್ನೆ ವಾಹನದ್ದಲ್ಲ, ಅಗತ್ಯದ್ದು.

ನಮ್ಮ ತಂಗಿಗೂ ಇದನ್ನೇ ಬರೆದೆ. "ಅಮ್ಮನ ಮಂಡಿ ನೋವನ್ನು ಕೇಳಿ ತೀರ್ಮಾನ ಮಾಡಮ್ಮ, ನಿಮ್ಮಿಬ್ಬರ ಹಟವನ್ನು ಕೇಳಬೇಡ." ಅವರು ಹೋಗುವ ಜಾಗಗಳಲ್ಲಿ ಝಯಾನ್ ಉದ್ಯಾನದ ಕಣಿವೆಯೊಳಗೆ ಪ್ರವಾಸದ ತಿಂಗಳುಗಳಲ್ಲಿ ಖಾಸಗಿ ಕಾರನ್ನೇ ಬಿಡುವುದಿಲ್ಲ. 2000ನೇ ಇಸವಿಯಿಂದ ಅಲ್ಲಿ ಎಲ್ಲರಿಗೂ ಉಚಿತ ಬಸ್ಸು, ಗಾಲಿಕುರ್ಚಿಯೂ ಹತ್ತುತ್ತದೆ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನಲ್ಲೂ ಉಚಿತ ಬಸ್ಸಿದೆ. ಅಲ್ಲಿ ಕಾರು ಎಳೆದೊಯ್ದರೆ ನಿಲ್ಲಿಸಿ ನೋಡಬೇಕಷ್ಟೆ. ಯೆಲ್ಲೊಸ್ಟೋನ್ ಬೇರೆ. ಒಳಗಿನ ಸುತ್ತುರಸ್ತೆಯೇ 142 ಮೈಲಿ, ಅಂಥ ಬಸ್ಸಿಲ್ಲ, ಅಮ್ಮ ಅಷ್ಟು ನಡೆಯಲಾರರು. ಆ ನಾಲ್ಕು ದಿನಕ್ಕೆ ಹತ್ತಿರದ ಕೋಡಿಯಲ್ಲೋ ಜಾಕ್ಸನ್‌ನಲ್ಲೋ ಮುಂಚೆಯೇ ಕಾದಿರಿಸಿ ಕಾರು ಬಾಡಿಗೆಗೆ ಪಡೆಯುವುದು ಸರಿ. ಅಮ್ಮನಿಗೆ ದಿನವೂ ಕಾರು ಬೇಕೇ ಬೇಕು ಎಂಬ ಸ್ಥಿತಿ ಇದ್ದಿದ್ದರೆ ಎಳೆದುಕೊಂಡೇ ಹೋಗಿ ಅನ್ನುತ್ತಿದ್ದೆ, ಅದರಲ್ಲಿ ಮೋಹವೇನೂ ಇಲ್ಲ. ಗಂಡನಿಗೂ ಒಂದು ಮಾತು ಸೇರಿಸಿದೆ: "ನಿನ್ನ ಮಾತಿನ ಬೇರು ಎಲ್ಲಿದೆ ಅಂತ ನನಗೆ ಗೊತ್ತಪ್ಪ. ಆದರೆ ಕೌಂಟರಿನಲ್ಲಿ ಲೈಸೆನ್ಸ್ ತೋರಿಸಿ ಕೀಲಿ ಪಡೆಯುವಾಗ ಅದನ್ನು ಹಂಗು ಅನ್ನಬೇಡ. ಅದು ಎಷ್ಟೋ ಜನ ನಡೆದು ನಡೆದು ಗಳಿಸಿಕೊಟ್ಟ ಹಕ್ಕು."

'ಯಾನ' ಎಂದರೆ ಪ್ರಯಾಣವೂ ಹೌದು, ವಾಹನವೂ ಹೌದು. ನವಯಾನಿಗಳಾದ ನಮ್ಮಲ್ಲಿ ಈಗ ಅನೇಕರ ಮನೆ ಮುಂದೆ ಗಾಡಿ ನಿಂತಿದೆ. ದುಡಿದು ಕೊಂಡದ್ದು, ಹೆಮ್ಮೆ ಪಡೋಣ. ಆದರೆ ವಿಹಾರದ ವಂದನೆಗೆ ಬರುವಾಗ ಅದರ ಹಿಂದಿನ ಸೀಟು ಖಾಲಿ ಇರುತ್ತದೆ, ಅದೇ ಬೀದಿಯ ಅಜ್ಜಿಯೊಬ್ಬರು ಬಸ್ಸಿಗೆ ಕಾಯುತ್ತಿರುತ್ತಾರೆ. ನಮಗೆ ಅಂದು ಯಾರೂ ನಿಲ್ಲಿಸದ ಗಾಡಿಯನ್ನು ಇವತ್ತು ನಾವು ಇನ್ನೊಬ್ಬರಿಗೆ ನಿಲ್ಲಿಸಿದರೆ, ಮಸೂರಿನ ಆ ಮಕ್ಕಳಿಗೆ ಕೊಡಬಹುದಾದ ಉತ್ತರ ಅದೇ.

*ಇಂದಿನ ಅಭ್ಯಾಸ:* ನಾವು ಹೊತ್ತು ತಿರುಗುತ್ತಿರುವ ಒಂದು ವಸ್ತುವನ್ನೋ ಒಂದು ಹಟವನ್ನೋ ನೆನೆದು, ಇದು ಅಗತ್ಯವೋ, ಭಯವೋ, ಪ್ರತಿಷ್ಠೆಯೋ ಎಂದು ಕೇಳಿಕೊಳ್ಳೋಣ. ಈ ಭಾನುವಾರ ವಂದನೆಗೆ ಬರುವಾಗ ಗಾಡಿ ಇರುವವರು ಇಲ್ಲದವರೊಬ್ಬರನ್ನು ಕರೆತರೋಣ. ಹತ್ತಿಸಿಕೊಂಡೆವೆಂದು ಹೇಳಿಕೊಳ್ಳುವುದು ಬೇಡ. ಹೇಳಿಕೊಂಡರೆ ಅದು ಮತ್ತೆ ಹಂಗಾಗುತ್ತದೆ.

ಭವತು ಸಬ್ಬ ಮಂಗಲಂ.
ಜೈ ಭೀಮ್.